ಮಲೆನಾಡಿನ ಮಳೆಗೆ ಜಗ್ಗದ ಕಾಲೇಜು ಗ್ರಂಥಾಲಯ: ಕೋಣೆ ಆರಿಸುವುದರಿಂದ ಬೂಸ್ಟು ಬಿಡಿಸುವವರೆಗೆ

ಹಳೆ ವಿದ್ಯಾರ್ಥಿಗಳ ಸಂಘದಿಂದ ದುಡ್ಡು ಬಂದಾಗ, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಪರಿಶೀಲನೆಯ ಸುದ್ದಿ ಸಿಕ್ಕಾಗ ಕಾಲೇಜುಗಳಿಗೆ ಗ್ರಂಥಾಲಯದ ನೆನಪಾಗುತ್ತದೆ. ಯಾರೋ ಒಬ್ಬರು ಮೊಬೈಲಿನಲ್ಲಿ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಹಜಾರವನ್ನೋ ಪೋರ್ಚುಗಲ್ಲಿನ ಕೊಯಿಂಬ್ರಾ ವಿಶ್ವವಿದ್ಯಾಲಯದ ಚಿನ್ನದ ಕೆತ್ತನೆಯ ಕಪಾಟುಗಳನ್ನೋ ತೋರಿಸಿ "ನಮ್ಮದೂ ಹೀಗೆ ಆಗಲಿ" ಅನ್ನುತ್ತಾರೆ. ಆಸೆಯೇನೋ ಒಳ್ಳೆಯದೇ. ಆದರೆ ಆ ಫೋಟೊಗಳಿಂದ ನಕಲು ಮಾಡುವುದು ಸಾಮಾನ್ಯವಾಗಿ ಕಾರ್ಪೆಟ್, ಫಾಲ್ಸ್ ಸೀಲಿಂಗ್, ದಪ್ಪ ಪರದೆ, ಗಾಜಿನ ಗೋಡೆ. ಆಶ್ಲೇಷ ಮಳೆ ಮುಗಿಯುವ ಹೊತ್ತಿಗೆ ಆ ಕೋಣೆಯ ಬಾಗಿಲು ತೆಗೆದರೆ ಮುಗ್ಗಲು ವಾಸನೆ ಹೊಡೆಯುತ್ತದೆ.

ಆ ಗ್ರಂಥಾಲಯಗಳ ಚೆಲುವೆಲ್ಲ ಅಲ್ಲಲ್ಲಿನ ಹವೆಗೆ ಕೊಟ್ಟ ಉತ್ತರ. ಕೇಂಬ್ರಿಜ್‌ನಲ್ಲಿ 1695ರಲ್ಲಿ ಮುಗಿದ ರೆನ್ ಗ್ರಂಥಾಲಯ ಕ್ಯಾಮ್ ನದಿಯ ದಡದಲ್ಲಿದೆ. ಅಲ್ಲಿ ಪುಸ್ತಕಗಳಿರುವುದು ಮೇಲಂತಸ್ತಿನಲ್ಲಿ, ಕೆಳಗೆ ಕಮಾನುಗಳ ತೆರೆದ ಜಗಲಿ. 1712ರಿಂದ 1732ರ ನಡುವೆ ಕಟ್ಟಿದ ಡಬ್ಲಿನ್ನಿನ ಹಜಾರವೂ ಹಾಗೆಯೇ ತೆರೆದ ಕಮಾನುಗಳ ಮೇಲೆ ನಿಂತಿತ್ತು. ಜಾಗ ಸಾಲದೆ ಕೆಳಗಿನ ಜಗಲಿಯನ್ನು ಮುಚ್ಚಿದ್ದು 1892ರಲ್ಲಿ. ನೆಲದ ತೇವ ಪುಸ್ತಕಕ್ಕೆ ಏರಬಾರದು, ಅಷ್ಟೇ ಲೆಕ್ಕ. ಕೊಯಿಂಬ್ರಾದಲ್ಲಿ ರಾತ್ರಿ ಬಾವಲಿಗಳು ಹಾರಾಡಿ ಹುಳ ತಿನ್ನುತ್ತವೆ. ಸಂಜೆ ಮೇಜುಗಳಿಗೆ ಚರ್ಮದ ಹೊದಿಕೆ ಹಾಕಿ, ಬೆಳಿಗ್ಗೆ ಹಿಕ್ಕೆ ಗುಡಿಸುತ್ತಾರೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಬೈನೆಕಿ ಗ್ರಂಥಾಲಯಕ್ಕೆ (1963) ಕಿಟಕಿಗಳ ಬದಲು ಸುಮಾರು ಮೂರು ಸೆಂ.ಮೀ. ದಪ್ಪದ ಅಮೃತಶಿಲೆಯ ಹಲಗೆಗಳಿವೆ. ಹಳೆ ಕಾಗದವನ್ನು ಸುಡುವ ಬಿಸಿಲು ಅದರಲ್ಲಿ ಸೋಸಿ ಜೇನುಬಣ್ಣವಾಗಿ ಒಳಗೆ ಬರುತ್ತದೆ.

ನಮ್ಮ ಹವೆ ಬೇರೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಮೀರಿ ಮಳೆ. ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲುಭಾಗವೂ ಇಲ್ಲ. ತೀರ್ಥಹಳ್ಳಿ, ಹೊಸನಗರ, ಸಾಗರದ ಮಳೆ ಈ ಎರಡರ ನಡುವೆ ಎಲ್ಲೋ. ಹೀಗಾಗಿ ಒಂದೇ ಜಿಲ್ಲೆಯ ಎರಡು ಕಾಲೇಜುಗಳಿಗೆ ಒಂದೇ ಸೂತ್ರ ಹೊಂದುವುದಿಲ್ಲ. ಮೊದಲು ನಿಮ್ಮ ಕೋಣೆಯನ್ನು ಅಳೆಯಿರಿ.

ಮೊದಲ ಕೆಲಸ: ತೇವ ಅಳೆಯುವುದು

ಕೆಲವು ನೂರು ರೂಪಾಯಿಗೆ ಸಿಗುವ ಡಿಜಿಟಲ್ ಹೈಗ್ರೊಮೀಟರ್ (ಗಾಳಿಯ ತೇವ ಅಳೆಯುವ ಮಾಪಕ) ನಾಲ್ಕು ತನ್ನಿ. ಅಗ್ಗದವು ಐದಾರು ಅಂಕ ತಪ್ಪು ತೋರಿಸುವುದು ಮಾಮೂಲು, ಹಾಗಾಗಿ ಮೊದಲು ಪರೀಕ್ಷೆ ಮಾಡಿ. ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ತುಂಬಿ, ಒದ್ದೆ ಮರಳಿನ ಹದಕ್ಕೆ ಬರುವಷ್ಟು ಮಾತ್ರ ನೀರು ಹನಿಸಿ. ಉಪ್ಪು ಕರಗಿ ನೀರಾಗಬಾರದು. ಅದನ್ನೂ ಮಾಪಕವನ್ನೂ ಒಂದು ಜಿಪ್ ಕವರಿನಲ್ಲಿಟ್ಟು ಬಿಗಿಯಾಗಿ ಮುಚ್ಚಿ, ಬಿಸಿಲು ತಾಗದ ಕಡೆ ಹತ್ತು ಹನ್ನೆರಡು ಗಂಟೆ ಬಿಡಿ. ಒಳಗಿನ ಗಾಳಿಯ ತೇವ ಶೇ. 75ಕ್ಕೆ ನಿಲ್ಲುತ್ತದೆ. ಮಾಪಕ 71 ತೋರಿಸಿದರೆ ಅದರ ಬೆನ್ನಿಗೆ "+4" ಎಂದು ಚೀಟಿ ಅಂಟಿಸಿ.

ನಾಲ್ಕನ್ನೂ ಒಂದೇ ಕಡೆ ಇಡಬೇಡಿ. ಮಳೆಗಾಳಿ ಬಡಿಯುವ ನೈಋತ್ಯ ಗೋಡೆಯ ಬುಡದಲ್ಲಿ ಒಂದು, ಮುಚ್ಚಿದ ಕಪಾಟಿನ ಕೆಳಹಲಗೆಯಲ್ಲಿ ಒಂದು, ಹಜಾರದ ಮಧ್ಯೆ ಒಂದು, ಹೊರಗೆ ಜಗಲಿಯಲ್ಲಿ ಒಂದು. ಮೃಗಶಿರ ಮಳೆ ಹಿಡಿದ ದಿನದಿಂದ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಒಮ್ಮೆ, ಮಧ್ಯಾಹ್ನ ಮೂರಕ್ಕೆ ಒಮ್ಮೆ ಬರೆದಿಡಿ. ಶೇ. 60ರ ಒಳಗಿದ್ದರೆ ನೆಮ್ಮದಿ. 65 ದಾಟಿ ವಾರಗಟ್ಟಲೆ ನಿಂತರೆ ಬೂಸ್ಟಿನ ಭಯ. 75 ದಾಟಿದರೆ ಬೇಗನೆ ರಟ್ಟಿನ ಮೇಲೆ ಬಿಳಿ ಚುಕ್ಕೆ ಕಾಣಿಸುತ್ತದೆ. ಹಜಾರದ ಮಧ್ಯೆ 68 ಇದ್ದಾಗ ಗೋಡೆಯ ಬುಡದಲ್ಲಿ 80 ಇರುವುದು ಅಪರೂಪವಲ್ಲ. ಪುಸ್ತಕ ಕೆಡುವುದು ಆ ಮೂಲೆಯಲ್ಲೇ.

ಕೋಣೆ ಮತ್ತು ಛಾವಣಿ

ಆಯ್ಕೆ ಇದ್ದರೆ ಮೊದಲ ಅಂತಸ್ತು ಹಿಡಿಯಿರಿ. ನೆಲಮಹಡಿಯಾದರೆ ಪಾಯದ ಕಟ್ಟೆ ಕನಿಷ್ಠ 45 ಸೆಂ.ಮೀ. ಎತ್ತರವಿರಲಿ, ಗುಡ್ಡದ ಕಡೆಯ ಗೋಡೆಗೆ ಮಣ್ಣು ತಾಗಿಕೊಂಡಿರದಿರಲಿ. ಧರೆ ಕಡಿದು ಕಟ್ಟಿದ ಕಟ್ಟಡಗಳಲ್ಲಿ ಹಿಂಬದಿಯ ಚರಂಡಿ ಕಟ್ಟಿಕೊಂಡರೆ ಆ ನೀರೆಲ್ಲ ಗೋಡೆಯೊಳಗೆ ಏರುತ್ತದೆ. ಜಂಬಿಟ್ಟಿಗೆಯ ಗೋಡೆಯಂತೂ ನೀರನ್ನು ಚೆನ್ನಾಗಿಯೇ ಹೀರುತ್ತದೆ. ಶೌಚಾಲಯದ ಕೆಳಗೆ, ನೀರಿನ ಟ್ಯಾಂಕಿನ ಕೆಳಗೆ, ಪ್ರಯೋಗಾಲಯದ ಸಿಂಕುಗಳ ಕೆಳಗೆ ಗ್ರಂಥಾಲಯ ಬೇಡ.

ಮೇಲಂತಸ್ತಿಗೆ ಹೋಗುವ ಮೊದಲು ಭಾರದ ಲೆಕ್ಕ ಮಾಡಬೇಕು. 90 ಸೆಂ.ಮೀ. ಉದ್ದದ ಒಂದು ಹಲಗೆ ತುಂಬ ಪುಸ್ತಕವೆಂದರೆ 25ರಿಂದ 30 ಕೆ.ಜಿ. ಎರಡೂ ಬದಿಗೆ ಆರಾರು ಹಲಗೆಯಿರುವ ಒಂದು ರ‍್ಯಾಕ್ ಸುಮಾರು 320 ಕೆ.ಜಿ. ಪುಸ್ತಕ ಹೊರುತ್ತದೆ, ಕಬ್ಬಿಣದ ತೂಕ ಬೇರೆ. ತರಗತಿಗೆಂದು ಕಟ್ಟಿದ ಆರ್‌ಸಿಸಿ ನೆಲದ ಮೇಲೆ ಇಂಥ ಹತ್ತು ರ‍್ಯಾಕ್ ಸಾಲಾಗಿ ನಿಲ್ಲಿಸುವ ಮುಂಚೆ ಸ್ಟ್ರಕ್ಚರಲ್ ಎಂಜಿನಿಯರ್ ಹತ್ತಿರ ತೊಲೆಗಳು ಎಲ್ಲಿವೆ ಎಂದು ನೋಡಿಸಿ. ಹಳೆ ಕಟ್ಟಡದ ಮರದ ಉಪ್ಪರಿಗೆಯಲ್ಲಿ ಓದುವ ಮೇಜುಗಳಿರಲಿ, ರ‍್ಯಾಕುಗಳು ಕೆಳಗಿರಲಿ.

ಹಂಚಿನ ಮಾಡು ನೋಡಲು ಚೆಂದ, ಉಸಿರಾಡುತ್ತದೆ. ಆದರೆ ಮಂಗ ಒಂದು ಸಲ ಓಡಿದರೆ ನಾಲ್ಕು ಹಂಚು ಜರುಗುತ್ತವೆ. ಏಪ್ರಿಲ್ ಕೊನೆಯೊಳಗೆ ಹಂಚು ತೆಗೆದು, ಪಾಚಿ ಉಜ್ಜಿ, ಒಡೆದದ್ದು ಬದಲಿಸಿ ಕೂರಿಸಿ. ಹಂಚಿನ ಕೆಳಗೆ ಉಸಿರಾಡುವ ಬಗೆಯ ಜಲನಿರೋಧಕ ಹಾಳೆ ಹಾಸಿದರೆ ಜರುಗಿದ ಹಂಚಿನ ನೀರು ಸೂರಿಗೆ ಹರಿದು ಹೋಗುತ್ತದೆ. ತಾರಸಿಯಾದರೆ ಮೇಲೊಂದು ಶೀಟಿನ ಮಾಡು ಹಾಕಿಸುವುದೇ ಮಲೆನಾಡಿನಲ್ಲಿ ನಡೆದುಬಂದ ದಾರಿ. ಯಾವುದೇ ವಾಟರ್‌ಪ್ರೂಫ್ ಬಣ್ಣಕ್ಕಿಂತ ಅದು ಬಾಳಿಕೆ ಬರುತ್ತದೆ. ಸೂರು ಗೋಡೆಯಿಂದ ಕನಿಷ್ಠ 90 ಸೆಂ.ಮೀ. ಹೊರಚಾಚಿರಲಿ. ಗಾಳಿಮಳೆಯ ಬದಿಗೆ ಇನ್ನೂ ಹೆಚ್ಚಿದ್ದರೆ ಎರಚಲು ಕಿಟಕಿಗೆ ಬಡಿಯುವುದಿಲ್ಲ. ಚಾಚಲು ಆಗದಿದ್ದರೆ ಮಳೆಗಾಲದ ಮಟ್ಟಿಗೆ ಆ ಬದಿಗೆ ಅಡಿಕೆ ಸೋಗೆಯ ತಟ್ಟಿ ಕಟ್ಟಿಸಿ. ಮನೆಗಳಿಗೆ ಕಟ್ಟುವುದನ್ನು ಕಾಲೇಜಿಗೆ ಕಟ್ಟಿದರೆ ಮರ್ಯಾದೆಯೇನೂ ಹೋಗುವುದಿಲ್ಲ.

ಫಾಲ್ಸ್ ಸೀಲಿಂಗ್ ಬೇಡವೇ ಬೇಡ. ಸೋರಿಕೆಯನ್ನು ಅದು ತಿಂಗಳುಗಟ್ಟಲೆ ಅಡಗಿಸಿಟ್ಟು, ಒಂದು ದಿನ ಜಿಪ್ಸಮ್ ಸಮೇತ ಪುಸ್ತಕದ ಮೇಲೆ ಬೀಳಿಸುತ್ತದೆ. ಬಣ್ಣ ಬಳಿಯುವುದನ್ನು ಫೆಬ್ರವರಿ–ಮಾರ್ಚ್‌ನಲ್ಲಿ, ಗೋಡೆ ಪೂರ್ತಿ ಒಣಗಿದಾಗ ಮುಗಿಸಿ. ನ್ಯಾಕ್ ಪರಿಶೀಲನೆ ಆಗಸ್ಟಿನಲ್ಲಿ ಎಂದು ಜುಲೈಯಲ್ಲಿ ಬಳಿದ ಬಣ್ಣ ದೀಪಾವಳಿಗೆ ಹಪ್ಪಳ ಎದ್ದಿರುತ್ತದೆ.

ಕಪಾಟು ಮತ್ತು ಬೆಳಕು

ರ‍್ಯಾಕುಗಳನ್ನು ಕಿಟಕಿಯ ಗೋಡೆಗೆ ಅಡ್ಡಲಾಗಿ ನಿಲ್ಲಿಸಿ. ಆಗ ಬೆಳಕು ಸಾಲುಗಳ ನಡುವೆ ನೇರ ಒಳಗೆ ಹೋಗುತ್ತದೆ, ಗಾಳಿಯೂ ಹೋಗುತ್ತದೆ. ಸಾಲುಗಳ ನಡುವಿನ ದಾರಿ 90 ಸೆಂ.ಮೀ.ಗಿಂತ ಕಡಿಮೆ ಬೇಡ. ಗಾಲಿಕುರ್ಚಿ ತಿರುಗಬೇಕಾದ ಕಡೆ ಒಂದೂವರೆ ಮೀಟರ್ ಬಿಡಿ. ಯಾವ ರ‍್ಯಾಕೂ ಹೊರಗೋಡೆಗೆ ಅಂಟಿರಬಾರದು. ಅಂಗೈ ಆಡುವಷ್ಟು, ಎಂದರೆ ಏಳೆಂಟು ಸೆಂ.ಮೀ. ಸಂದು ಬೇಕು. ಕೆಳಗಿನ ಹಲಗೆ ನೆಲದಿಂದ 15 ಸೆಂ.ಮೀ. ಮೇಲಿರಲಿ. ಹಲಗೆಯ ಆಳ 25, ಎರಡು ಹಲಗೆಗಳ ನಡುವೆ 30 ಸೆಂ.ಮೀ. ಇದ್ದರೆ ಸಾಮಾನ್ಯ ಪುಸ್ತಕಗಳು ಹಿಡಿಸುತ್ತವೆ. ಪ್ರತಿ ಹಲಗೆಯಲ್ಲೂ ಐದರಲ್ಲೊಂದು ಭಾಗ ಖಾಲಿ ಬಿಡಿ. ಒತ್ತೊತ್ತಾಗಿ ತುರುಕಿದರೆ ಎಳೆಯುವಾಗ ಬೆನ್ನಿನ ಮೇಲಂಚು ಹರಿಯುತ್ತದೆ, ನಡುವೆ ಗಾಳಿಯೂ ಆಡುವುದಿಲ್ಲ.

ಮರದ ಕಪಾಟು ಮಾಡಿಸುವುದಾದರೆ ಸಾಗುವಾನಿ, ಹೊನ್ನೆ, ಹಲಸು. ಮಾವು, ಸಿಲ್ವರ್ ಓಕ್ ಅಗ್ಗವೆಂದು ತಂದರೆ ಕೊರೆಹುಳ ಬೇಗ ಬೀಳುತ್ತದೆ. ಪಾರ್ಟಿಕಲ್ ಬೋರ್ಡ್ ಎರಡು ಮಳೆಗಾಲದಲ್ಲಿ ಉಬ್ಬುತ್ತದೆ. ಗಾಜಿನ ಬಾಗಿಲಿನ ಕಪಾಟು ಚೆಂದವೇ, ಆದರೆ ಒಳಗೆ ಗಾಳಿ ನಿಂತುಬಿಡುತ್ತದೆ. ಬಾಗಿಲಿನ ಮೇಲೆ ಕೆಳಗೆ ತೂತಿನ ಪಟ್ಟಿ ಕೊಟ್ಟು, ತೂತಿಗೆ ಸೊಳ್ಳೆಜಾಲರಿ ಹೊಡೆಸಿ.

ಓದುವ ಮೇಜುಗಳಿಗೆ ಉತ್ತರದ ಕಿಟಕಿ ಉತ್ತಮ. ನೇರ ಬಿಸಿಲು ಹೆಚ್ಚು ಬೀಳದೆ ಇಡೀ ದಿನ ಸಮನಾದ ಬೆಳಕು ಸಿಗುತ್ತದೆ. ಅಡಿಕೆ ತೋಟವೋ ಗದ್ದೆಬಯಲೋ ಕಾಣುವ ಬದಿ ಅದೇ ಆಗಿದ್ದರೆ ಇನ್ನೇನು ಬೇಕು. ನೋಡಲು ಬಂದವರು ಫೋಟೊ ತೆಗೆಯುವುದು ಅಲ್ಲೇ. ಆದರೆ ಪುನರ್ವಸು, ಪುಷ್ಯ ಮಳೆಯಲ್ಲಿ ಮಧ್ಯಾಹ್ನ ಮೂರಕ್ಕೇ ಕತ್ತಲಾಗುತ್ತದೆ. ಓದಲು ಪುಟದ ಮೇಲೆ 300ರಿಂದ 500 ಲಕ್ಸ್ (ಬೆಳಕಿನ ಅಳತೆ) ಬೇಕು. ಮೊಬೈಲಿನ ಲಕ್ಸ್ ಆ್ಯಪ್ ಅಂದಾಜಿಗೆ ಸಾಕು. ಎತ್ತರದ ಛಾವಣಿಯಲ್ಲಿ ಟ್ಯೂಬ್‌ಲೈಟ್ ಸಾಲು ಹಾಕಿ ಅಷ್ಟು ಬೆಳಕು ತರಲು ಹೊರಟರೆ ಹಜಾರ ಬಸ್ ನಿಲ್ದಾಣದ ಹಾಗೆ ಕಾಣುತ್ತದೆ. ಮೇಲಿನ ಬೆಳಕು ಮಂದವಾಗಿರಲಿ, ಪ್ರತಿ ಮೇಜಿಗೆ ಮುಚ್ಚಿದ ತಲೆಯ ದೀಪವಿರಲಿ, 3,000ದಿಂದ 4,000 ಕೆಲ್ವಿನ್ ಬಣ್ಣದ (ತುಸು ಹಳದಿ ಛಾಯೆಯ ಬಿಳಿ) ಎಲ್‌ಇಡಿ. ಇಷ್ಟು ಮಾಡಿದರೆ ಮಳೆಯ ಸಂಜೆಯಲ್ಲೇ ಹಜಾರ ಹೆಚ್ಚು ಚೆಂದ ಕಾಣುತ್ತದೆ.

ಗಾಳಿಯ ಲೆಕ್ಕ

ಹೆಚ್ಚಿನವರು ತಪ್ಪುವುದು ಇಲ್ಲಿ. ಒಳಗೆ ಶೀತವಾಗಿದೆ ಎಂದು ಮಳೆ ಹೊಯ್ಯುವಾಗ ಕಿಟಕಿ ತೆಗೆಯುತ್ತಾರೆ. ಹೊರಗೆ 23 ಡಿಗ್ರಿ ಸೆಲ್ಸಿಯಸ್, ತೇವ ಶೇ. 95 ಇದೆ ಎನ್ನಿ. ಆ ಗಾಳಿಯ ಪ್ರತಿ ಘನ ಮೀಟರಿನಲ್ಲಿ ಸುಮಾರು 19.6 ಗ್ರಾಂ ನೀರಿನ ಆವಿ ಇರುತ್ತದೆ. ಅದು 26 ಡಿಗ್ರಿಯ ಕೋಣೆಗೆ ಬಂದರೆ ತೇವ ಶೇ. 80. ಎಂದರೆ ಪುಸ್ತಕಕ್ಕೆ ಬೂಸ್ಟು ಕರೆದು ತಂದಂತೆ. ಹೊಳವಾಗಿ ಬಿಸಿಲು ಬಿದ್ದ ದಿನ, ಹೊರಗಿನ ಮಾಪಕ 60ರ ಹತ್ತಿರ ಬಂದಾಗ ಮಾತ್ರ ಎದುರುಬದುರು ಕಿಟಕಿ ತೆಗೆದು ಒಂದೆರಡು ಗಂಟೆ ಗಾಳಿಯಾಡಿಸಿ.

ಇನ್ನೊಂದು ಮೂಲ ಓದುಗರೇ. ಕೂತು ಓದುವ ಒಬ್ಬರ ಉಸಿರು, ಬೆವರಿನಿಂದ ಗಂಟೆಗೆ ಸುಮಾರು 50 ಗ್ರಾಂ ನೀರು ಗಾಳಿಗೆ ಸೇರುತ್ತದೆ. 60 ವಿದ್ಯಾರ್ಥಿಗಳಿದ್ದರೆ ಗಂಟೆಗೆ ಮೂರು ಲೀಟರ್. 12 ಮೀಟರ್ ಉದ್ದ, 8 ಮೀಟರ್ ಅಗಲ, ಮೂರೂವರೆ ಮೀಟರ್ ಎತ್ತರದ ಹಜಾರದ ಗಾಳಿಯ ತೇವ 60ರಿಂದ 80ಕ್ಕೆ ಏರಲು ಬೇಕಾದದ್ದು ಬರೀ 1.6 ಲೀಟರ್. ಒದ್ದೆ ಕೊಡೆ, ರೈನ್‌ಕೋಟು, ಒದ್ದೆ ಬ್ಯಾಗು ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಹಾಗಾಗಿ ಓದುವ ಜಾಗವೂ ಪುಸ್ತಕದ ಜಾಗವೂ ಬೇರೆ ಇರಲಿ, ನಡುವೆ ಬಾಗಿಲಿರಲಿ. ಓದುವ ಕಡೆ ಎಕ್ಸಾಸ್ಟ್ ಫ್ಯಾನ್, ಪುಸ್ತಕದ ಕಡೆ ಗಾಳಿಯ ತೇವ ಹೀರಿ ನೀರಾಗಿಸುವ ಯಂತ್ರ, ಡಿಹ್ಯುಮಿಡಿಫೈಯರ್. ಕೊಡೆ, ರೈನ್‌ಕೋಟು, ಚಪ್ಪಲಿಗೆ ಹೊರ ಜಗಲಿಯಲ್ಲೇ ಜಾಗ ಮಾಡಿ, ಕೆಳಗೆ ನೀರು ಹರಿದುಹೋಗುವ ತಟ್ಟೆ ಇಡಿ.

ಡಿಹ್ಯುಮಿಡಿಫೈಯರ್ ಕೊಳ್ಳುವಾಗ ಡಬ್ಬಿಯ ಮೇಲಿನ "ದಿನಕ್ಕೆ 50 ಲೀಟರ್" ನಂಬಿ ಮೋಸಹೋಗಬೇಡಿ. ಆ ಅಂಕಿ ಸಾಮಾನ್ಯವಾಗಿ 30 ಡಿಗ್ರಿ, ಶೇ. 80 ತೇವದಲ್ಲಿ ಅಳೆದದ್ದು. 25 ಡಿಗ್ರಿ, ಶೇ. 65ರಲ್ಲಿ ಅರ್ಧದಷ್ಟು ಸಿಕ್ಕರೆ ಸರಿ. ನೀರಿನ ತೊಟ್ಟಿ ತುಂಬಿದರೆ ಯಂತ್ರ ತಾನಾಗಿ ನಿಲ್ಲುತ್ತದೆ, ಶನಿವಾರ ಸಂಜೆ ತುಂಬಿದರೆ ಸೋಮವಾರದವರೆಗೆ ಕೆಲಸವಿಲ್ಲ. ಪೈಪು ಜೋಡಿಸಿ ಇಳಿಜಾರಿನಲ್ಲಿ ಹೊರಗೆ ಬಿಡಿ. ಕರೆಂಟು ಹೋಗಿ ಬಂದಮೇಲೆ ತಾನಾಗಿ ಶುರುವಾಗುವ ಮಾದರಿಯೇ ಬೇಕು. ಗಾಳಿಮಳೆಗೆ ಮರ ಬಿದ್ದು ದಿನಗಟ್ಟಲೆ ಕರೆಂಟಿಲ್ಲದ ಊರುಗಳಲ್ಲಿ ಇದೇ ಮುಖ್ಯ ಗುಣ. ಎಸಿಯನ್ನು ಹಗಲು ಹಾಕಿ ರಾತ್ರಿ ಆರಿಸುವುದು ಎಸಿ ಇಲ್ಲದ್ದಕ್ಕಿಂತ ಕೆಟ್ಟದ್ದು: ತಣ್ಣಗಾದ ರಟ್ಟಿನ ಮೇಲೆ ರಾತ್ರಿಯ ತೇವದ ಗಾಳಿ ಕೂತು ಬೆವರುತ್ತದೆ.

ಯಂತ್ರಕ್ಕೆ ದುಡ್ಡಿಲ್ಲದಿದ್ದರೂ ಫ್ಯಾನ್ ಇರುತ್ತದೆ. ರ‍್ಯಾಕುಗಳ ಸಾಲಿನ ತುದಿಯಲ್ಲಿ ಗೋಡೆ ಫ್ಯಾನ್ ನಿಧಾನಕ್ಕೆ ತಿರುಗುತ್ತಿರಲಿ. ಅದು ತೇವ ಇಳಿಸುವುದಿಲ್ಲ, ಆದರೆ ಮೂಲೆಯಲ್ಲಿ ಗಾಳಿ ನಿಲ್ಲಲು ಬಿಡುವುದಿಲ್ಲ. ತೇವ ಹೀರುವ ಸಿಲಿಕಾ ಜೆಲ್ ಹರಳು ತೆರೆದ ಕೋಣೆಯಲ್ಲಿ ದಂಡ. ಬಿಗಿ ಮುಚ್ಚಳದ ಪೆಟ್ಟಿಗೆಯಲ್ಲಿ ಮಾತ್ರ ಉಪಯೋಗ. ಬಣ್ಣ ಬದಲಾದ ಮೇಲೆ 110–120 ಡಿಗ್ರಿ ಓವನ್‌ನಲ್ಲಿ ಒಂದೆರಡು ಗಂಟೆ ಒಣಗಿಸಿ ಮತ್ತೆ ಬಳಸಬಹುದು.

ಮತ್ತೆ, ನೆಲ ಒರೆಸುವುದು. ಆಷಾಢದಲ್ಲಿ ದಿನಾ ಬಕೆಟ್ ನೀರು, ಫಿನೈಲ್ ಹಾಕಿ ನೆಲ ಒರೆಸಿದರೆ ಅಷ್ಟೂ ನೀರು ಪುಸ್ತಕಕ್ಕೇ ಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣ ಮಾಪ್ ಸಾಕು. ಸ್ವಚ್ಛ ಮಾಡುವವರಿಗೆ ಇದನ್ನು ಕಾರಣ ಸಮೇತ ಹೇಳಿ. ಬರೀ "ನೀರು ಹಾಕಬೇಡಿ" ಎಂದರೆ ಕೆಲಸಗಳ್ಳತನ ಅನ್ನಿಸಿಕೊಳ್ಳುವ ಭಯಕ್ಕೆ ಅವರು ಒರೆಸುತ್ತಲೇ ಇರುತ್ತಾರೆ.

ಹುಳ

ಒರಲೆ ನೆಲದಿಂದ ಮಣ್ಣಿನ ಕೊಳವೆ ಕಟ್ಟಿಕೊಂಡು ಬರುತ್ತದೆ. ಗೋಡೆಯ ಸಂದು ಖಾಲಿ ಇದ್ದರೆ ಟಾರ್ಚ್ ಹಾಕಿ ಕಾಣಬಹುದು, ಆ ಏಳೆಂಟು ಸೆಂ.ಮೀ. ಬಿಡುವುದಕ್ಕೆ ಇದೂ ಒಂದು ಕಾರಣ. ಹಲಗೆಯ ಮೇಲೆ ಗೋಧಿಹಿಟ್ಟಿನಂಥ ಹುಡಿ ಬಿದ್ದಿದ್ದರೆ ಕೊರೆಹುಳ. ರಟ್ಟಿನ ಮೇಲ್ಪದರ ಕೆರೆದಂತಾಗಿದ್ದರೆ ಸಿಲ್ವರ್‌ಫಿಶ್, ಅದಕ್ಕೆ ಬೈಂಡಿಂಗಿನ ಮೈದಾ ಅಂಟು ಬೇಕು. ಅದಕ್ಕೇ ಬೈಂಡರುಗಳು ಅಂಟಿಗೆ ಚಿಟಿಕೆ ಮೈಲುತುತ್ತ ಸೇರಿಸುತ್ತಿದ್ದರು. ಕೊಳೆರೋಗಕ್ಕೆ ಅಡಿಕೆ ಕೊನೆಗೆ ಹೊಡೆಯುವ ಬೋರ್ಡೊ ದ್ರಾವಣದ ಮೈಲುತುತ್ತವೇ ಅದು. ವಿಷವಾದ್ದರಿಂದ ಕೈಗವಸು ಬೇಕು. ನುಸಿಗುಳಿಗೆಯನ್ನು ಓದುವ ಹಜಾರದಲ್ಲಿ ಚೆಲ್ಲಬೇಡಿ, ಹುಳಕ್ಕಿಂತ ಮೊದಲು ಓದುಗರು ಓಡುತ್ತಾರೆ.

ಹುಳ ಬಿದ್ದ ಪುಸ್ತಕಕ್ಕೆ ಔಷಧಿಗಿಂತ ಚಳಿ ವಾಸಿ. ಬೈನೆಕಿ ಗ್ರಂಥಾಲಯದಲ್ಲಿ 1977ರಲ್ಲಿ ಕೊರೆಹುಳ ಕಂಡಮೇಲೆ ಪುಸ್ತಕಗಳನ್ನು ಮೈನಸ್ 30 ಡಿಗ್ರಿಗೂ ಕೆಳಗೆ ಮೂರು ದಿನ ಇಟ್ಟು ತೆಗೆಯುವ ಕ್ರಮ ಬಂತು. ಐಸ್‌ಕ್ರೀಮ್ ಅಂಗಡಿಯಲ್ಲಿರುವಂಥ ಡೀಪ್ ಫ್ರೀಜರ್ ಮೈನಸ್ 20ರ ಆಸುಪಾಸು ಹೋಗುತ್ತದೆ, ಅದರಲ್ಲಿ ಎರಡು ವಾರ ಇಡಿ. ಪುಸ್ತಕವನ್ನು ದಪ್ಪ ಪಾಲಿಥೀನ್‌ನಲ್ಲಿ ಗಾಳಿ ಒತ್ತಿ ತೆಗೆದು ಮುಚ್ಚಿರಬೇಕು. ಹೊರತೆಗೆದ ಮೇಲೆ ಒಂದು ಇಡೀ ದಿನ ಕವರ್ ಬಿಚ್ಚಬೇಡಿ, ಬಿಚ್ಚಿದರೆ ತಣ್ಣನೆ ಕಾಗದದ ಮೇಲೆ ನೀರು ಕೂರುತ್ತದೆ.

ಓಲೆಗರಿಗಳಿಗೆ ಈ ಯಾವುದೂ ಬೇಡ. ಅವುಗಳ ಆರೈಕೆ, ನಿಂಬೆಹುಲ್ಲಿನ ಎಣ್ಣೆ ಸವರುವುದು, ಬಟ್ಟೆಯಲ್ಲಿ ಸುತ್ತಿಡುವುದು ಬೇರೆಯದೇ ವಿದ್ಯೆ. ಯಾರಾದರೂ ಹಳೆ ಕಟ್ಟು ತಂದುಕೊಟ್ಟರೆ ಬಿಚ್ಚಲು ಹೋಗದೆ ಕೆಳದಿಯ ವಸ್ತುಸಂಗ್ರಹಾಲಯದಲ್ಲೋ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲೋ ಬಲ್ಲವರನ್ನು ಕೇಳಿ.

ಬೂಸ್ಟು ಬಂದರೆ, ಪುಸ್ತಕ ನೆನೆದರೆ

ಬೂಸ್ಟು ಕಂಡ ಕೂಡಲೇ ಬಟ್ಟೆ ಒದ್ದೆ ಮಾಡಿ ಒರೆಸುವುದು ಎಲ್ಲರಿಗೂ ಬರುವ ಮೊದಲ ಯೋಚನೆ, ಅತಿ ಕೆಟ್ಟದ್ದೂ ಅದೇ. ಹಸಿ ಬೂಸ್ಟು ಕಾಗದದೊಳಗೆ ಹಿಂಡಿಕೊಳ್ಳುತ್ತದೆ, ಕಲೆ ಶಾಶ್ವತ. ಮೊದಲು ಆ ಪುಸ್ತಕಗಳನ್ನು ಚೀಲದಲ್ಲಿ ಮುಚ್ಚಿ ಬೇರೆ ಕೋಣೆಗೆ ಒಯ್ಯಿರಿ. ಅಲ್ಲಿ ಚೀಲದಿಂದ ತೆಗೆದು, ಫ್ಯಾನ್ ಗಾಳಿಯಲ್ಲಿ ಬೂಸ್ಟು ಒಣಗಿ ಹುಡಿಯಾಗುವವರೆಗೆ ನಿಲ್ಲಿಸಿಡಿ. ಆಮೇಲೆ ಹೊಳವಿನ ದಿನ, ಹೊರ ಜಗಲಿಯಲ್ಲಿ, ಗಾಳಿ ನಿಮ್ಮ ಬೆನ್ನಿನ ಕಡೆಯಿಂದ ಬೀಸುವಂತೆ ಕೂತು, ಎನ್95 ಮಾಸ್ಕ್, ಕೈಗವಸು ಹಾಕಿ ಮೆತ್ತನೆ ಬ್ರಷ್‌ನಿಂದ ಬೆನ್ನಿನಿಂದ ಅಂಚಿನ ಕಡೆಗೆ ಗುಡಿಸಿ. ಉಬ್ಬಸ ಇರುವವರು ಈ ಕೆಲಸಕ್ಕೆ ಕೂರಬಾರದು. ಗಂಟೆಗಟ್ಟಲೆ ಬಿಸಿಲಿಗೆ ಹಾಕಿದರೆ ರಟ್ಟು ಸೊಟ್ಟಗಾಗುತ್ತದೆ, ಅಂಟು ಬಿಡುತ್ತದೆ. ಪುಸ್ತಕ ವಾಪಸಿಡುವ ಮೊದಲು ಆ ಮೂಲೆಯ ತೇವ 60ಕ್ಕೆ ಇಳಿದಿರಬೇಕು, ಇಲ್ಲದಿದ್ದರೆ ಶ್ರಾವಣದಲ್ಲಿ ಇದೇ ಕೆಲಸ ಮತ್ತೊಮ್ಮೆ.

ಸೋರಿ ನೆನೆದ ಪುಸ್ತಕಕ್ಕೆ ನಿಮಗಿರುವುದು 48 ಗಂಟೆ. ಆಮೇಲೆ ಬೂಸ್ಟು ಏಳುತ್ತದೆ. ತೊಯ್ದು ತೊಟ್ಟಿಕ್ಕುವ ಪುಸ್ತಕವನ್ನು ತೆರೆಯಬೇಡಿ, ಬಿಳಿ ಕಾಗದದ ಮೇಲೆ ನಿಲ್ಲಿಸಿ ನೀರು ಇಳಿಯಲು ಬಿಡಿ. ಆಮೇಲೆ ಹದಿನೈದಿಪ್ಪತ್ತು ಹಾಳೆಗೊಂದರಂತೆ ಅಚ್ಚಿಲ್ಲದ ನ್ಯೂಸ್‌ಪ್ರಿಂಟ್ ಇಡಿ, ಎರಡು ಗಂಟೆಗೊಮ್ಮೆ ಬದಲಿಸಿ. ಇಟ್ಟ ಕಾಗದದಿಂದ ಪುಸ್ತಕದ ದಪ್ಪ ಮೂರರಲ್ಲೊಂದಕ್ಕಿಂತ ಹೆಚ್ಚು ಉಬ್ಬಿದರೆ ಬೆನ್ನು ಮುರಿಯುತ್ತದೆ. ಅಚ್ಚಾದ ದಿನಪತ್ರಿಕೆ ಇಟ್ಟರೆ ನಿನ್ನೆಯ ಸುದ್ದಿ ಪುಟಕ್ಕೆ ಇಳಿಯುತ್ತದೆ. ನುಣುಪು ಕಾಗದದ ಚಿತ್ರಪುಸ್ತಕಗಳು ಮೊದಲು: ಒಣಗುತ್ತ ಬಂದರೆ ಪುಟಗಳು ಇಟ್ಟಿಗೆಯಾಗಿ ಅಂಟಿ ಮತ್ತೆ ಬಿಡುವುದಿಲ್ಲ, ಒದ್ದೆ ಇರುವಾಗಲೇ ಪ್ರತಿ ಪುಟ ಬಿಡಿಸಬೇಕು. ರಾಶಿ ದೊಡ್ಡದಾಗಿ ಕೈ ಸಾಲದಿದ್ದರೆ ಒಂದೊಂದನ್ನೂ ಬೆಣ್ಣೆಕಾಗದದಲ್ಲಿ ಸುತ್ತಿ, ಬೆನ್ನು ಕೆಳಗೆ ಮಾಡಿ ಡೀಪ್ ಫ್ರೀಜರಿಗೆ ಹಾಕಿ. ಹೆಪ್ಪುಗಟ್ಟಿದ ಪುಸ್ತಕ ತಿಂಗಳುಗಟ್ಟಲೆ ಕಾಯುತ್ತದೆ, ದಿನಕ್ಕೆ ನಾಲ್ಕೈದರಂತೆ ತೆಗೆದು ಒಣಗಿಸಬಹುದು. ಅಂಥ ಫ್ರೀಜರ್ ಊರಿನ ಯಾವ ಅಂಗಡಿಯಲ್ಲಿದೆ, ಭಾನುವಾರ ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಮೇ ತಿಂಗಳಲ್ಲೇ ಕೇಳಿ ಬರೆದು, ಗ್ರಂಥಾಲಯದ ಬಾಗಿಲ ಹಿಂದೆ ಅಂಟಿಸಿಡಿ.